ಗುಟ್ಟು ರಟ್ಟಾದ ಆಟವನ್ನು ಮತ್ತೆ ಮೊದಲ ಸಲದಂತೆ ಆಡಬಹುದೇ?

ಈ ತಿಂಗಳು ಬಂದ ಪ್ರಶ್ನೆಗಳೆಲ್ಲ ಹೆಚ್ಚೂಕಡಿಮೆ ಒಂದೇ ಆಸೆಯವು: ಮುಗಿಸಿದ ವಿಡಿಯೊ ಗೇಮನ್ನು ಏನೂ ಗೊತ್ತಿಲ್ಲದವರ ಹಾಗೆ ಮತ್ತೆ ಆಡಬೇಕು. ಆಯಾ ಆಟದ ಶುರುವಿನಲ್ಲೇ ತಿಳಿಯುವ ಸಂಗತಿಗಳನ್ನು ಬಿಟ್ಟರೆ ಬೇರೆ ಗುಟ್ಟುಗಳನ್ನು ಉತ್ತರಗಳಲ್ಲಿ ಹೊರಹಾಕಿಲ್ಲ. ಆಡದವರೂ ಧೈರ್ಯವಾಗಿ ಓದಬಹುದು.

ಪ್ರಶ್ನೆ: ಔಟರ್ ವೈಲ್ಡ್ಸ್ ಮುಗಿಸಿ ಮೂರು ವರ್ಷವಾಯಿತು. ಮರೆತಿರುತ್ತದೆ ಅಂದುಕೊಂಡು ಮತ್ತೆ ಶುರು ಮಾಡಿದೆ, ಅರ್ಧ ಗಂಟೆಯಲ್ಲೇ ಸಪ್ಪೆ ಅನ್ನಿಸಿತು. ಇನ್ನೆಷ್ಟು ವರ್ಷ ಕಾಯಬೇಕು?

ಉತ್ತರ: ಕಾದು ಪ್ರಯೋಜನವಿಲ್ಲ. 2019ರ ಈ ಬಾಹ್ಯಾಕಾಶದ ಆಟದಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ನೀವು ಮತ್ತೆ ಮೊದಲಿನ ಜಾಗದಲ್ಲೇ ಕಣ್ಣು ಬಿಡುತ್ತೀರಿ. ಹೊಸ ಆಯುಧವಿಲ್ಲ, ಲೆವೆಲ್ ಏರುವುದಿಲ್ಲ, ನೌಕೆಗೆ ಹೊಸ ಎಂಜಿನ್ ಸಿಗುವುದಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟುವುದು ತಿಳಿವಳಿಕೆ ಮಾತ್ರ. ಎಲ್ಲ ಗೊತ್ತಿರುವವರು ಆ 22 ನಿಮಿಷದೊಳಗೇ ಆಟ ಮುಗಿಸಬಹುದು. ಬೀಗ ಇರುವುದು ಆಟದಲ್ಲಲ್ಲ, ಆಡುವವರ ತಲೆಯಲ್ಲಿ. ಒಮ್ಮೆ ತೆರೆದರೆ ಮುಚ್ಚದು. ಕಾಲ ಕಳೆದಂತೆ ದಾರಿ, ಹೆಸರು, ಗೋಡೆಯ ಬರಹ ಮಸುಕಾಗುತ್ತವೆ. ಆದರೆ ‘ಓಹೋ, ಇದು ಹೀಗಾ!’ ಅನ್ನಿಸಿದ ಗಳಿಗೆ ಹೋಗುವುದಿಲ್ಲ. ನಿಮಗೆ ಬೇಕಾಗಿದ್ದದ್ದು ಆ ಗಳಿಗೆಯೇ.

ಹಾಗಾಗಿ ಹಳೆಯದನ್ನು ಕೆದಕುವ ಬದಲು, ನಿಮ್ಮಲ್ಲಿ ಇನ್ನೂ ಬಾಕಿ ಉಳಿದಿರುವ ಮೊದಲ ಸಲ ಯಾವುದು ಎಂದು ನೋಡಿ. 2021ರಲ್ಲಿ ಬಂದ ಎಕೋಸ್ ಆಫ್ ದಿ ಐ ಎಂಬ ವಿಸ್ತರಣೆಯನ್ನು ಆಡಿದ್ದೀರಾ? ಆಡಿಲ್ಲವಾದರೆ ಅರ್ಧ ನಿಧಿ ಹಾಗೇ ಇದೆ. ಹಳೆಯ ಸೇವ್‌ನಿಂದಲೇ ಮುಂದುವರಿಸಬಹುದು. ಹಳ್ಳಿಯ ಮ್ಯೂಸಿಯಂನಲ್ಲಿ ಹೊಸದೊಂದು ಪ್ರದರ್ಶನ ಸೇರಿರುತ್ತದೆ, ಅಲ್ಲಿಂದ ಹೊರಡಿ. ಕತ್ತಲೆಯ ಭಾಗಗಳು ಹೆದರಿಸುತ್ತವೆ. ಹೆದರಿಕೆ ಕಡಿಮೆ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ, ಹಾಕಿಕೊಂಡರೆ ಒಗಟುಗಳ ರುಚಿ ಕೆಡದು.

ಅದೂ ಮುಗಿದಿದ್ದರೆ ಅದೇ ಜಾತಿಯ ಬೇರೆ ಆಟ ಹಿಡಿಯಿರಿ. ಟ್ಯುನಿಕ್ (2022) ನಮ್ಮ ಮೊದಲ ಸಲಹೆ: ಆಟದ ಕೈಪಿಡಿಯೇ ಹಾಳೆ ಹಾಳೆಯಾಗಿ ಚೆದುರಿ ಬಿದ್ದಿರುತ್ತದೆ, ಅದರಲ್ಲಿ ಹೆಚ್ಚಿನ ಭಾಗ ಓದಲಾಗದ ಲಿಪಿಯಲ್ಲಿದೆ. ಶುರುವಿನಿಂದಲೂ ಕೈಯಲ್ಲಿದ್ದ ಶಕ್ತಿಯೊಂದು ಹಾಳೆ ಸಿಕ್ಕ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ. ಕಾದಾಟ ಕಷ್ಟವಾದರೆ ಸಾಯದಂತೆ ಆಡುವ ಆಯ್ಕೆಯಿದೆ. ದಿ ವಿಟ್ನೆಸ್ (2016) ಗೆರೆ ಎಳೆಯುವ 500ಕ್ಕೂ ಹೆಚ್ಚು ಒಗಟುಗಳ ದ್ವೀಪ. ಒಂದು ಪದವನ್ನೂ ಹೇಳದೆ ನಿಯಮ ಕಲಿಸುತ್ತದೆ. ಕೆಲವು ಒಗಟು ಬಣ್ಣವನ್ನೂ ಕೆಲವು ಶಬ್ದವನ್ನೂ ನಂಬಿವೆ, ಬಣ್ಣಗುರುಡು ಇರುವವರಿಗೆ ಅಲ್ಲಿ ತೊಡಕಾಗುತ್ತದೆ. ಬ್ಲೂ ಪ್ರಿನ್ಸ್ (2025) ಹಿಡಿದರೆ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳಿ. ಬಂಗಲೆಯ ಕೋಣೆಗಳು ದಿನಾ ಅದಲುಬದಲಾಗುವುದರಿಂದ ಮೊಬೈಲ್‌ನಲ್ಲಿ ತೆಗೆದ ಫೋಟೊಗಳ ರಾಶಿಯಲ್ಲಿ ಬೇಕಾದದ್ದು ಸಮಯಕ್ಕೆ ಸಿಗುವುದಿಲ್ಲ.

ಪ್ರಶ್ನೆ: ತಮ್ಮನಿಗೆ ಔಟರ್ ವೈಲ್ಡ್ಸ್ ಮತ್ತು ಒಬ್ರಾ ಡಿನ್ ಆಡಿಸಬೇಕೆಂದಿದ್ದೇನೆ. ಪಕ್ಕದಲ್ಲಿ ಕೂತರೆ ಬಾಯಿ ಸುಮ್ಮನಿರುವುದಿಲ್ಲ. ಎಷ್ಟು ಹೇಳಬಹುದು?

ಉತ್ತರ: ಒಳ್ಳೆಯ ಪ್ರಶ್ನೆ. ನಿಮಗೆ ದಕ್ಕಬಹುದಾದ ಎರಡನೆಯ ‘ಮೊದಲ ಸಲ’ ಇದೊಂದೇ, ಅದನ್ನು ಬಾಯಾರೆ ಕೆಡಿಸಿಕೊಳ್ಳಬೇಡಿ.

ಯಂತ್ರದ ಬಗ್ಗೆ ಎಷ್ಟು ಬೇಕಾದರೂ ಹೇಳಿ, ಆಟದ ಜಗತ್ತಿನ ಬಗ್ಗೆ ಏನೂ ಹೇಳಬೇಡಿ. ಔಟರ್ ವೈಲ್ಡ್ಸ್‌ನಲ್ಲಿ ಹೊಸಬರು ಆಟ ಬಿಟ್ಟೇಳುವುದು ಒಗಟಿಗೆ ಬೇಸತ್ತು ಅಲ್ಲ, ನೌಕೆ ಓಡಿಸಲಾಗದೆ. ಗ್ರಹದ ಹತ್ತಿರ ಬಂದಾಗ ವೇಗ ಹೊಂದಿಸುವ ಬಟನ್ ಒತ್ತಿ ಹಿಡಿದರೆ ನೌಕೆ ಆ ಗ್ರಹದ ಜೊತೆಗೇ ಸಾಗುತ್ತದೆ, ಆಮೇಲೆ ಮೆಲ್ಲಗೆ ಇಳಿಸಬಹುದು. ಆಟೋಪೈಲಟ್ ನೇರ ದಾರಿ ಹಿಡಿಯುತ್ತದೆ. ನಡುವೆ ಸೂರ್ಯ ಅಡ್ಡ ಬಂದರೆ ಸುತ್ತಿ ಹೋಗುವ ಬುದ್ಧಿ ಅದಕ್ಕಿಲ್ಲ. ಅದನ್ನು ಒತ್ತಿ ನೀರು ಕುಡಿಯಲು ಎದ್ದವರು ವಾಪಸು ಬರುವಷ್ಟರಲ್ಲಿ ಬೂದಿ. ಬರಹ ಓದುವಾಗ ಕಾಲ ನಿಲ್ಲುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ನಿಧಾನ ಓದುವವರಿಗೆ ಮೊದಲೇ ಹಾಕಿಕೊಡಿ.

ತಮ್ಮ ಸಿಕ್ಕಿಬಿದ್ದಾಗ ಮೂರು ಮೆಟ್ಟಿಲ ಸುಳಿವು ಸಾಕು. ಮೊದಲು, “ನೌಕೆಯ ಲಾಗ್ ತೆಗೆದು ನೋಡು” ಅನ್ನಿ. ಕಂಡದ್ದೆಲ್ಲ ದಾಖಲಾಗುವುದು ಅಲ್ಲೇ, ಇನ್ನೂ ನೋಡುವುದು ಬಾಕಿಯಿರುವ ಜಾಗದ ಮೇಲೆ ಕಿತ್ತಳೆ ಗುರುತಿರುತ್ತದೆ. ಹತ್ತರಲ್ಲಿ ಎಂಟು ಸಲ ಅಷ್ಟರಲ್ಲೇ ದಾರಿ ಸಿಗುತ್ತದೆ. ಒಂದು ಸಂಜೆಯೆಲ್ಲ ಹೋದರೂ ಆಗಲಿಲ್ಲವೆಂದರೆ, “ಈ ಜಾಗಕ್ಕೆ ನೀನು ಯಾವ ಹೊತ್ತಿಗೆ ಬಂದೆ?” ಎಂದು ಕೇಳಿ. ಗ್ರಹಗಳು ನಿಮಿಷ ನಿಮಿಷಕ್ಕೆ ಬದಲಾಗುವುದರಿಂದ ಬಾಗಿಲು ಇಲ್ಲದ ಕಡೆ ಆಮೇಲೆ ಬಾಗಿಲು ಇರಬಹುದು. ಮೂರನೆಯದು ಕೊನೆಯ ಉಪಾಯ: ಅವನೇ ಹಿಂದೆ ಓದಿದ ಯಾವ ಬರಹವನ್ನು ಮತ್ತೆ ಓದಬೇಕು ಎಂಬುದನ್ನಷ್ಟೇ ಹೇಳಿ, ಅದರ ಅರ್ಥ ಹೇಳಬೇಡಿ. ಮುಖಭಾವವೂ ಸುಳಿವೇ. ಅವನು ತಪ್ಪು ದಾರಿ ಹಿಡಿದಾಗ ನೀವು ಸುಮ್ಮನಾಗಿ, ಸರಿದಾರಿಗೆ ಬಂದಾಗ ಮುಂದಕ್ಕೆ ಬಾಗಿ ಕೂತರೆ ಅವನು ಆಟವನ್ನಲ್ಲ, ನಿಮ್ಮನ್ನು ಓದಲು ಶುರು ಮಾಡುತ್ತಾನೆ. ಅದಕ್ಕೇ ಪಕ್ಕಕ್ಕಿಂತ ಹಿಂದೆ ಕೂರುವುದು ಮೇಲು.

ರಿಟರ್ನ್ ಆಫ್ ದಿ ಒಬ್ರಾ ಡಿನ್ (2018) ಬೇರೆ ತರಹದ್ದು. ಹಡಗಿನ 60 ಜನರಲ್ಲಿ ಯಾರು ಯಾರು, ಅವರ ಗತಿ ಏನಾಯಿತು ಎಂದು ಪುಸ್ತಕದಲ್ಲಿ ತುಂಬಬೇಕು. ಮೂರು ಮಂದಿಯ ವಿವರ ಸರಿಯಾದಾಗ ಮಾತ್ರ ಆಟ ಅದನ್ನು ಖಾತ್ರಿ ಮಾಡುತ್ತದೆ. ಕಳ್ಳದಾರಿ ಇಲ್ಲೇ ಇದೆ: ಇಬ್ಬರ ಬಗ್ಗೆ ಖಚಿತವಿದ್ದರೆ ಮೂರನೆಯವನಿಗೆ ಒಂದೊಂದೇ ಹೆಸರು ಹಚ್ಚುತ್ತ ಹೋಗಿ ಸರಿಯಾದದ್ದನ್ನು ತಾಗಿಸಬಹುದು. ತಮ್ಮ ಹಾಗೆ ಮಾಡುವುದು ಕಂಡರೆ ತಡೆಯಿರಿ. ಊಹೆಯಿಂದ ತುಂಬಿದ ಒಂದೊಂದು ಹೆಸರೂ ಒಂದೊಂದು ಒಳ್ಳೆಯ ಒಗಟನ್ನು ನುಂಗುತ್ತದೆ. ಪುಸ್ತಕದಲ್ಲಿ ಮುಖ ಮಸುಕಾಗಿ ಕಂಡರೆ ಗುರುತಿಸುವಷ್ಟು ಮಾಹಿತಿ ಇನ್ನೂ ಬಂದಿಲ್ಲ ಎಂದರ್ಥ. ಅಂಥವರನ್ನು ಸದ್ಯಕ್ಕೆ ಬಿಟ್ಟು ಮುಂದೆ ಹೋಗಲಿ. ಹೇಳಲೇಬೇಕಾದರೆ, “ಮಾತಿನ ಧಾಟಿ ಕೇಳಿದೆಯಾ? ಪಟ್ಟಿಯಲ್ಲಿ ಅವರ ದೇಶ ಯಾವುದೆಂದು ಬರೆದಿದೆ” ಎನ್ನುವಷ್ಟು ಸಾಕು.

ಪ್ರಶ್ನೆ: ಬ್ರೆತ್ ಆಫ್ ದಿ ವೈಲ್ಡ್ ಎರಡನೆಯ ಸಲ ಆಡಿದರೆ ಮೊದಲಿನ ಬೆರಗು ಬರುತ್ತದೆಯೇ? ಕಷ್ಟ ಹೆಚ್ಚಿಸುವ ಮಾಸ್ಟರ್ ಮೋಡ್ ಹಾಕಲೇ?

ಉತ್ತರ: ಬರುತ್ತದೆ, ಪೂರ್ತಿಯಲ್ಲ. ಜೆಲ್ಡಾ ಸರಣಿಯ 2017ರ ಈ ಆಟದಲ್ಲಿ ಬೆರಗು ಇರುವುದು ಗುಟ್ಟಿನಲ್ಲಿ ಅಲ್ಲ, ದೂರದಲ್ಲಿ. ಅಗೋ ಆ ಬೆಟ್ಟದಾಚೆ ಏನಿದೆ ಎಂಬ ಕುತೂಹಲವನ್ನು ಕೊಂದದ್ದು ನಕ್ಷೆ. ಹಾಗಾಗಿ ಕಷ್ಟ ಹೆಚ್ಚಿಸಬೇಡಿ, ನಕ್ಷೆ ಕಿತ್ತುಹಾಕಿ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಅದೇ ಪ್ರೊಫೈಲ್‌ನಲ್ಲಿ ಹೊಸ ಆಟ ತೆಗೆದರೆ ಹಳೆಯ ಆಟೋಸೇವ್‌ಗಳ ಮೇಲೆ ಹೊಸದು ಬರೆಯಲ್ಪಟ್ಟು ನೂರಾರು ಗಂಟೆಯ ಶ್ರಮ ಅಳಿಸಿಹೋಗಬಹುದು. ನಿಂಟೆಂಡೊ ಸ್ವಿಚ್‌ನಲ್ಲಿ ಹೊಸ ಯೂಸರ್ ಪ್ರೊಫೈಲ್ ಮಾಡಿ, ಅದರಿಂದ ಆಟ ತೆರೆಯಿರಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೊ ಎಂಬ ಆಯ್ಕೆ ಹಾಕಿ. ಮೂಲೆಯ ನಕ್ಷೆ, ಶಬ್ದಮಾಪಕ, ಹವಾಮಾನ ಎಲ್ಲ ಮಾಯವಾಗಿ ಹೃದಯಗಳಷ್ಟೇ ಉಳಿಯುತ್ತವೆ. ಗೋಪುರ ತೆರೆದರೆ ಸುತ್ತಲಿನ ನಕ್ಷೆ ತುಂಬುತ್ತದೆ. ಮೊದಲ ಪ್ರಸ್ಥಭೂಮಿಯ ಗೋಪುರ ಕಡ್ಡಾಯ. ಅಲ್ಲಿಯ ನಾಲ್ಕು ಗುಡಿ ಮುಗಿಸಿ ಪ್ಯಾರಾಗ್ಲೈಡರ್ ಪಡೆದ ಮೇಲೆ ಬೇರೆ ಯಾವ ಗೋಪುರವನ್ನೂ ತೆರೆಯಬೇಡಿ, ನಡೆಯದೆ ಒಮ್ಮೆಗೇ ಬೇರೆ ಜಾಗಕ್ಕೆ ಹೋಗುವ ಸೌಲಭ್ಯವನ್ನೂ ಮುಟ್ಟಬೇಡಿ. ನದಿ ಯಾವ ಕಡೆ ಹರಿಯುತ್ತದೆ, ಸೂರ್ಯ ಎಲ್ಲಿ ಮುಳುಗುತ್ತಾನೆ ಎಂದು ನೋಡಿ ನಡೆಯುವುದು ರೂಢಿಯಾಗಲು ಎರಡು ಮೂರು ಗಂಟೆ ಬೇಕು. ಬಹಳ ಜನ ಅಷ್ಟರೊಳಗೆ ಸೋತು ನಕ್ಷೆಗೆ ಮರಳುತ್ತಾರೆ.

ಮಾಸ್ಟರ್ ಮೋಡ್ ಪ್ರತ್ಯೇಕ ಸೇವ್‌ನಲ್ಲಿ ನಡೆಯುವುದರಿಂದ ಹಳೆಯ ಆಟಕ್ಕೆ ಅಪಾಯವಿಲ್ಲ. ಆದರೆ ಅಲ್ಲಿ ಶತ್ರುಗಳು ಕಳೆದುಕೊಂಡ ಶಕ್ತಿಯನ್ನು ತಾವಾಗಿ ತುಂಬಿಕೊಳ್ಳುತ್ತಾರೆ, ನಿಮ್ಮ ಕತ್ತಿ ಮುರಿಯುವುದು ಮಾತ್ರ ನಿಲ್ಲದು. ಬೆಟ್ಟ ನೋಡಬೇಕಾದವರು ಕತ್ತಿ ಎಣಿಸುತ್ತ ಕೂರುತ್ತಾರೆ.

ಪ್ರಶ್ನೆ: ಹಳೆಯ ಆಟಗಳ ರ‍್ಯಾಂಡಮೈಸರ್ ಎಂದರೇನು? ನನ್ನದು ನಡುವೆ ಕೆಟ್ಟು ನಿಂತಿದೆ, ಮುಂದೆ ಹೋಗಲು ದಾರಿಯೇ ಇಲ್ಲ.

ಉತ್ತರ: ಆಟ ಅದೇ, ಊರು ಅದೇ, ಪೆಟ್ಟಿಗೆಯೊಳಗಿನ ಸರಕು ಮಾತ್ರ ಕಲಸಿಹೋಗಿರುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಸೂಪರ್ ನಿಂಟೆಂಡೊದ ಜೆಲ್ಡಾ, ಎ ಲಿಂಕ್ ಟು ದಿ ಪಾಸ್ಟ್‌ನದು (ಮೂಲ ಆಟ 1991). ನಾಯಕನ ಮನೆಯ ಪೆಟ್ಟಿಗೆಯಲ್ಲಿ ಮೂಲದಲ್ಲಿ ದೀಪವಿರುತ್ತದೆ. ಇಲ್ಲಿ ಅದೇ ಪೆಟ್ಟಿಗೆಯಲ್ಲಿ ಕೊನೆಯ ಹಂತದ ಆಯುಧವಿರಬಹುದು, ಇಪ್ಪತ್ತು ರೂಪಿಯೂ ಇರಬಹುದು. (ಆ ಲೋಕದ ಹಣದ ಹೆಸರೇ ರೂಪಿ.) ಇಂಥ ಜಾಗಗಳು ಒಟ್ಟು 216. ಜಾಗ ಪೂರ್ತಿ ಗೊತ್ತಿದ್ದವರಿಗೂ ಮುಂದೇನು ಎಂಬುದು ಗೊತ್ತಿರದ ಸುಖ ಇದರಲ್ಲಿದೆ. ಮೂಲ ಆಟವನ್ನು ಚೆನ್ನಾಗಿ ಬಲ್ಲವರಿಗಷ್ಟೇ ಇದು ಸರಿ. ಹೊಸಬರಿಗೆ ಎರಡೂ ಕೆಡುತ್ತವೆ.

ಕೆಟ್ಟು ನಿಂತಿದೆ ಎನ್ನುವ ಮೊದಲು ಒಂದು ಮಾತು. ಸರಕು ಕಲಸುವಾಗ ಪ್ರೋಗ್ರಾಂ ಒಂದು ತರ್ಕ ಪಾಲಿಸುತ್ತದೆ: ಮುಗಿಸಲಾಗದ ಹಾಗೆ ಎಂದೂ ಹಂಚುವುದಿಲ್ಲ. ಸಿಕ್ಕಿಬಿದ್ದವರಲ್ಲಿ ಬಹುಪಾಲು ಜನ ಒಂದು ಜಾಗ ನೋಡುವುದನ್ನು ಬಿಟ್ಟಿರುತ್ತಾರೆ, ಅದೂ ಮೂಲ ಆಟದಲ್ಲಿ ಕ್ಷುಲ್ಲಕ ವಸ್ತು ಇದ್ದ ಜಾಗ. ಯಾವ ಜಾಗ ನೋಡಿ ಆಯಿತು ಎಂದು ಗುರುತು ಹಾಕುವ ಟ್ರ್ಯಾಕರ್ ತೆರೆದಿಟ್ಟುಕೊಂಡು ಆಡಿ. ಅದೂ ಸೋತರೆ, ಹಂಚಿಕೆಯ ಜೊತೆಗೇ ಸಿಗುವ, ಯಾವ ವಸ್ತು ಎಲ್ಲಿದೆ ಎಂಬ ಪಟ್ಟಿಯಾದ ಸ್ಪಾಯ್ಲರ್ ಲಾಗ್‌ನಲ್ಲಿ ಆ ಒಂದು ವಸ್ತುವನ್ನು ಮಾತ್ರ ಹುಡುಕಿ. ಸ್ಪರ್ಧೆಗೆಂದು ಮಾಡಿದ ಹಂಚಿಕೆಯಲ್ಲಿ ಈ ಲಾಗ್ ಇರುವುದಿಲ್ಲ.

ಶುರುವಿಗೇ ರ‍್ಯಾಂಡಮೈಸರ್ ಮೂಲ ಆಟದ ಫೈಲನ್ನು ಒಪ್ಪುತ್ತಿಲ್ಲ ಎನ್ನುವವರಿಗೆ: ಇದಕ್ಕೆ ಬೇಕಾದದ್ದು ಜಪಾನೀ 1.0 ಆವೃತ್ತಿಯ ಪ್ರತಿ, ಅದೂ ನಿಮ್ಮ ಸ್ವಂತ ಕಾರ್ಟ್ರಿಡ್ಜ್‌ನಿಂದ ತೆಗೆದದ್ದು. ಅಮೆರಿಕದ ಆವೃತ್ತಿ ನಡೆಯದು.

ಪ್ರಶ್ನೆ: ಅಂಡರ್‌ಟೇಲ್‌ನಲ್ಲಿ ಎಲ್ಲರನ್ನೂ ಕೊಲ್ಲುವ ದಾರಿ ಹಿಡಿದು ಮುಗಿಸಿದೆ. ಈಗ ಒಳ್ಳೆಯ ದಾರಿಯಲ್ಲಿ ಆಡಿದರೂ ಆಟ ಹಳೆಯದನ್ನು ಮರೆಯುತ್ತಿಲ್ಲ. ಸೇವ್ ಅಳಿಸಿದರೂ ಅಷ್ಟೇ.

ಉತ್ತರ: ಅದು ದೋಷವಲ್ಲ, 2015ರ ಈ ಆಟದ ಸ್ವಭಾವ. ನೀವು ಅಳಿಸಿದ್ದು ಮುಖ್ಯ ಸೇವ್ ಮಾತ್ರ. ‘ಸಿಸ್ಟಂ ಇನ್‌ಫರ್ಮೇಶನ್’ ಎಂಬ ಹೆಸರಿನಲ್ಲಿ 962, 963 ಎಂಬ ಅಂಕಿಯ ಫೈಲ್‌ಗಳು ಅದೇ ಫೋಲ್ಡರ್‌ನಲ್ಲಿ ಕೂತಿರುತ್ತವೆ. ಹಳೆಯ ಲೆಕ್ಕ ಅಲ್ಲಿದೆ.

ವಿಂಡೋಸ್‌ನಲ್ಲಿ ಹೀಗೆ ಮಾಡಿ: ಆಟ ಮುಚ್ಚಿ. ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ ಕ್ಲೌಡ್ ಸೇವ್ ಆಯ್ಕೆ ಕಂಡರೆ ಮೊದಲು ಅದನ್ನು ಆಫ್ ಮಾಡಿ, ಇಲ್ಲವಾದರೆ ನೀವು ಅಳಿಸಿದ್ದನ್ನು ಅದು ಮತ್ತೆ ತಂದಿಡಬಹುದು. ಆಮೇಲೆ ನಿಮ್ಮ ಯೂಸರ್ ಫೋಲ್ಡರ್‌ನೊಳಗೆ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ಅಂಡರ್‌ಟೇಲ್. ಆ್ಯಪ್‌ಡೇಟಾ ಕಾಣದಿದ್ದರೆ ಅಡಗಿದ ಫೈಲ್‌ಗಳನ್ನು ತೋರಿಸುವ ಆಯ್ಕೆ ಹಾಕಿ. ಫೋಲ್ಡರನ್ನು ಪೂರ್ತಿ ಬೇರೆ ಕಡೆ ನಕಲು ಮಾಡಿಟ್ಟು, ಮೂಲದಲ್ಲಿರುವುದನ್ನೆಲ್ಲ ತೆಗೆಯಿರಿ. ಆಟ ಮರೆಯುತ್ತದೆ. ನೀವು ಮರೆಯುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಪೋರ್ಟಲ್ 2 ಎರಡು ಸಲ ಮುಗಿಸಿದ್ದೇನೆ. ಇನ್ನೇನಾದರೂ ಉಳಿದಿದೆಯೇ?

ಉತ್ತರ: ಇಬ್ಬರ ಆಟ ಆಡಿದ್ದೀರಾ? 2011ರ ಈ ಆಟದಲ್ಲಿ ಎರಡು ರೋಬೋಗಳ ಕಥೆ ಪ್ರತ್ಯೇಕ, ಒಗಟಿನ ಕೋಣೆಗಳೂ ಬೇರೆ. ಜೊತೆಗಾರರೂ ಅದನ್ನು ಆಡಿರದವರಾಗಿರಲಿ. ಬಲ್ಲವರೊಬ್ಬರು ಜೊತೆಗಿದ್ದರೆ ಇನ್ನೊಬ್ಬರು ಬರಿಯ ಕೂಲಿಯಾಳು. ಗೋಡೆಯ ಮೇಲೆ ಗುರುತು ಹಾಕುವ, ಇಬ್ಬರೂ ಒಟ್ಟಿಗೆ ಗುಂಡಿ ಒತ್ತಲು ಎಣಿಕೆ ಹಾಕುವ ಸಲಕರಣೆ ಆಟದಲ್ಲೇ ಇದೆ. ಧ್ವನಿ ಸರಿಯಿಲ್ಲದಾಗ ಅಷ್ಟರಲ್ಲೇ ಕೆಲಸ ನಡೆಯುತ್ತದೆ.

ಪ್ರಶ್ನೆ: ಶ್ಯಾಡೋ ಆಫ್ ದಿ ಕೊಲೋಸಸ್ ಚಿಕ್ಕಂದಿನಲ್ಲಿ ಆಡಿದ್ದೆ. ಹಳೆಯದನ್ನೇ ಆಡಲೇ, ಹೊಸದನ್ನೇ?

ಉತ್ತರ: 2018ರ ಹೊಸದು. 2005ರ ಮೂಲ ಆಟ ಪ್ಲೇಸ್ಟೇಷನ್ 2ರ ಶಕ್ತಿಗೆ ಮೀರಿದ್ದಾದ್ದರಿಂದ ದೈತ್ಯರ ಜೊತೆಗಿನ ದೊಡ್ಡ ಕಾದಾಟಗಳಲ್ಲಿ ಚಿತ್ರ ತಡವರಿಸುತ್ತದೆ. ಆಗ ಅದು ದೈತ್ಯನ ಭಾರದಂತೆ ಅನ್ನಿಸಿತ್ತು, ಈಗ ದೊಡ್ಡ ಟಿವಿಯಲ್ಲಿ ಬರೇ ತೊದಲು. ಹದಿನಾರು ದೈತ್ಯರೂ ಅವರೇ, ಜಾಗವೂ ಅದೇ. ಬೆರಳುಗಳಿಗೆ ಹಳೆಯ ಅಭ್ಯಾಸವಿದ್ದರೆ ಒಂದು ತೊಡಕು: ಹೊಸದರಲ್ಲಿ ನೆಗೆತದ ಬಟನ್ ಬದಲಾಗಿದೆ, ಮೊದಲ ದೈತ್ಯನ ಕಾಲಡಿಯಲ್ಲೇ ಕೈ ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹಳೆಯ ಜೋಡಣೆ ಇದೆ, ಶುರುವಿಗೇ ಹಾಕಿಕೊಳ್ಳಿ.