ಚೀಲದಲ್ಲಿ ಬಂದ ಇಪ್ಪತ್ತೈದನೆಯ ಕಲ್ಲು

ನಿಮ್ಮ ಪ್ರಶ್ನೆ ಇಷ್ಟು: ಆನ್‌ಲೈನ್‌ನಲ್ಲಿ ತರಿಸಿದ, ಶಕುನ ನೋಡುವ ರೂನ್ (ಉತ್ತರ ಯುರೋಪಿನ ಹಳೆಯ ಲಿಪಿಯ ಅಕ್ಷರ) ಚೀಲದಲ್ಲಿ 25 ಕಲ್ಲುಗಳಿವೆ, ಒಂದರ ಮೇಲೆ ಏನೂ ಇಲ್ಲ, ಅದು ಕೈಗೆ ಬಂದರೆ ಏನರ್ಥ? ಇದು ನಿಜಕ್ಕೂ ವೈಕಿಂಗರ ಕಾಲದ ಶಕುನ ಶಾಸ್ತ್ರವೇ? ಮನೆಯಲ್ಲಿ ಅಮ್ಮ ಮಾಟಮಂತ್ರ ಎಂದು ಬೈಯುತ್ತಿದ್ದಾರೆ, ಏನು ಹೇಳಲಿ?

ಖಾಲಿ ಕಲ್ಲನ್ನು ಮೊದಲು ಚೀಲದಿಂದ ತೆಗೆದಿಡಿ. ಅಂಗಿಯ ಒಳಮಗ್ಗುಲಿಗೆ ಹೊಲಿದಿರುವ ಹೆಚ್ಚುವರಿ ಗುಂಡಿಯಂತೆ ಅದು. ಉಳಿದವುಗಳಲ್ಲಿ ಒಂದು ಕಳೆದುಹೋದ ದಿನ ಉಪಯೋಗಕ್ಕೆ ಬರುತ್ತದೆ. ಹಳೆಯ ರೂನ್ ವರ್ಣಮಾಲೆಯಲ್ಲಿ ಇರುವುದು 24 ಅಕ್ಷರ. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ 1903ರಲ್ಲಿ ಸಿಕ್ಕ ಕಲ್ಲೊಂದರ ಮೇಲೆ ಯಾರೋ ಅವನ್ನು ಸಾಲಾಗಿ ಕೊರೆದಿದ್ದಾರೆ, ಸ್ಲೇಟಿನ ಮೇಲೆ ಅಆಇಈ ಬರೆದ ಹಾಗೆ. ಖಾಲಿ ಕಲ್ಲನ್ನು ಸೇರಿಸಿದವರು ರಾಲ್ಫ್ ಬ್ಲಮ್ ಎಂಬ ಅಮೆರಿಕದ ಲೇಖಕ. 1982ರಲ್ಲಿ ಅವರು ತಮ್ಮ ಪುಸ್ತಕದ ಮೂಲಕ ಅದಕ್ಕೆ ಓಡಿನ್ ದೇವರ ಹೆಸರು ಕೊಟ್ಟು, 'ಅರಿಯಲಾಗದ್ದು' ಎಂಬ ಅರ್ಥ ಹಚ್ಚಿದರು. ಅಂದಿನಿಂದ ಅಂಗಡಿಯ ಚೀಲಗಳಲ್ಲಿ ಅದೂ ಬರುತ್ತಿದೆ.

ನಾನು ಇರುವುದು ಸ್ವೀಡನ್ನಿನ ಉಪ್ಸಾಲಾದಲ್ಲಿ. ವಿಶ್ವವಿದ್ಯಾಲಯದ ಉದ್ಯಾನದಲ್ಲೇ ರೂನ್ ಶಿಲೆಗಳು ನಿಂತಿವೆ, ದಿನವೂ ಅವುಗಳ ಪಕ್ಕದಲ್ಲಿ ಸೈಕಲ್ ತುಳಿಯುತ್ತೇನೆ. ಬಂದ ಹೊಸದರಲ್ಲಿ ಏನೋ ಮಂತ್ರ ಕೊರೆದಿರಬೇಕು ಎಂದುಕೊಂಡಿದ್ದೆ. ಓದಿಸಿಕೊಂಡರೆ, ಇಂಥವರು ತಮ್ಮ ತಂದೆಯ ನೆನಪಿಗೆ ಈ ಕಲ್ಲು ನಿಲ್ಲಿಸಿದರು ಎಂಬಂಥ ಒಕ್ಕಣೆ! ಈ ಭಾಗದ ಎಷ್ಟೋ ಶಿಲೆಗಳ ಮೇಲೆ ಶಿಲುಬೆಯೂ ಇದೆ. ನಮ್ಮ ವೀರಗಲ್ಲುಗಳ ದೂರದ ನೆಂಟರು ಇವು. ನಾರ್ವೆಯ ಬೆರ್ಗೆನ್‌ನಲ್ಲಿ 1955ರ ಬೆಂಕಿಯ ನಂತರ ಅಗೆದಾಗ ನೂರಾರು ರೂನ್ ಕಡ್ಡಿಗಳು ಸಿಕ್ಕವು. ಹಲವು ವ್ಯಾಪಾರಿಗಳ ಸರಕಿನ ಚೀಟಿಗಳು. ಒಂದರ ಮೇಲೆ 'ನೀನು ಮನೆಗೆ ಹೋಗಬೇಕಂತೆ, ಗೀಡಾ ಹೇಳುತ್ತಿದ್ದಾಳೆ' ಎಂದಿದೆ. ಹೆಂಡದಂಗಡಿಯಲ್ಲಿ ಕುಳಿತ ಗಂಡನಿಗೆ ಬಂದ ಬುಲಾವು ಎಂದೇ ನನಗೆ ಅನ್ನಿಸುತ್ತದೆ.

ಹಾಗಾದರೆ ಶಕುನ? ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುತ್ತ, ಕಾಯಿ ಬಿಡುವ ಮರದ ಕೊಂಬೆಯನ್ನು ತುಂಡು ಮಾಡಿ, ಗುರುತು ಹಾಕಿ, ಬಿಳಿ ಬಟ್ಟೆಯ ಮೇಲೆ ಚೆಲ್ಲುತ್ತಾರೆ. ಪುರೋಹಿತನೋ ಮನೆಯ ಯಜಮಾನನೋ ಆಕಾಶ ನೋಡುತ್ತ ಮೂರು ತುಂಡು ಎತ್ತಿ ಅರ್ಥ ಹೇಳುತ್ತಾನೆ ಎಂದಿದ್ದಾನೆ. ಆ ಗುರುತುಗಳು ರೂನ್‌ಗಳೇ ಎಂದು ಅವನು ಹೇಳಿಲ್ಲ. ವಿಕ್ಕಾದಂಥ, ಹಳೆಯ ದೇವರು ಮತ್ತು ಮಾಂತ್ರಿಕ ಆಚರಣೆಗಳನ್ನು ನಂಬುವ ಇಂದಿನ ಪಂಥದವರು ಬಿಳಿ ಬಟ್ಟೆ, ಮೂರು ಕಲ್ಲು ಎನ್ನುವುದಕ್ಕೆ ಇದೇ ಆಧಾರ. ಕಲ್ಲು ತಲೆಕೆಳಗಾಗಿ ಬಿದ್ದರೆ ಕೆಟ್ಟ ಫಲ ಎನ್ನುವ ಲೆಕ್ಕವನ್ನು ನಾನಂತೂ ಬಿಟ್ಟಿದ್ದೇನೆ. ಇಸಾ ಎಂಬ ರೂನ್ ಬರೀ ಒಂದು ನೆಟ್ಟನೆಯ ಗೀರು, ಅದನ್ನು ಹೇಗೆ ತಲೆಕೆಳಗು ಮಾಡುತ್ತೀರಿ?

ಅರ್ಥಗಳಿಗೆ ಮಾತ್ರ ಒಂದಿಷ್ಟು ಹಳೆಯ ಬೇರು ಇದೆ. ಇಂಗ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್‌ಗಳಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಪದ್ಯವಿರುವ ಮಧ್ಯಯುಗದ ರಚನೆಗಳು ಉಳಿದಿವೆ. ಕಲ್ಲಿನ ಜೊತೆ ಬಂದ ಚೀಟಿಯಲ್ಲಿ 'ಯಶಸ್ಸು', 'ರಕ್ಷಣೆ' ಎಂದು ಒಂದೊಂದೇ ಪದ ಇರುತ್ತದಲ್ಲ, ಅದನ್ನು ಪಕ್ಕಕ್ಕಿಟ್ಟು ಇವನ್ನು ಓದಿ. ಹಗಲಾಜ್ ಎಂದರೆ ಆಲಿಕಲ್ಲು. ಚೀಟಿಯಲ್ಲಿ 'ವಿನಾಶ' ಎಂದಿರುತ್ತದೆ. ಹಳೆಯ ಇಂಗ್ಲಿಷ್ ಪದ್ಯದಲ್ಲಾದರೋ ಅದು ಎಲ್ಲಕ್ಕಿಂತ ಬಿಳಿಯ ಕಾಳು, ಆಕಾಶದಿಂದ ಸುರುಳಿಸುತ್ತಿ ಬೀಳುತ್ತದೆ, ಆಮೇಲೆ ನೀರಾಗುತ್ತದೆ. ಎರಡಕ್ಕೂ ಎಷ್ಟು ಅಂತರ ನೋಡಿ.

ಫೆಹು ಎಂದರೆ ದನ, ಹಾಗಾಗಿ ಸಂಪತ್ತು. ದನವೇ ಧನ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಅಡಿಕೆ ತೋಟದ ಪಾಲಿನ ಮಾತು ನಡೆಯುತ್ತಿದ್ದ ವರ್ಷ ಒಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಚೀಲಕ್ಕೆ ಕೈ ಹಾಕಿದ್ದೆ. ಬಂದದ್ದು ಫೆಹು. ಚೀಟಿಯ ಪ್ರಕಾರ ಧನಲಾಭ, ಹಿಗ್ಗಬೇಕು. ಆದರೆ ನಾರ್ವೆಯ ಪದ್ಯ ಶುರುವಾಗುವುದೇ ಹಣ ನೆಂಟರ ನಡುವೆ ಜಗಳ ತರುತ್ತದೆ ಎಂದು. ಕಲ್ಲನ್ನು ಅಲ್ಲೇ ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗಿನ ಜಾವ, 'ಯಾರಿಗೇನಾಯಿತು' ಎಂದು ಗಾಬರಿಯಲ್ಲೇ ಎತ್ತಿದಳು. ಕಲ್ಲು ಭವಿಷ್ಯ ಹೇಳಿತು ಎಂದು ನಾನು ಹೇಳುವುದಿಲ್ಲ. ಎರಡು ತಿಂಗಳಿಂದ ಮುಂದೂಡುತ್ತಿದ್ದ ಫೋನು ಅದು, ಅಷ್ಟೇ.

ಕೊರಳಿಗೆ ರೂನ್ ಪದಕ ಹಾಕಿಕೊಳ್ಳುವ ಆಸೆಯಿದ್ದರೆ ಒಂದು ಎಚ್ಚರ. ಒಥಲಾ ಮತ್ತು ಸೊವಿಲೊ ರೂನ್‌ಗಳ ರೂಪಗಳನ್ನು ನಾಜಿಗಳು ತಮ್ಮ ಲಾಂಛನ ಮಾಡಿಕೊಂಡಿದ್ದರು; ಯುರೋಪಿನ ಬೀದಿಯಲ್ಲಿ ಜನ ನಿಮ್ಮನ್ನು ತಪ್ಪು ತಿಳಿಯುತ್ತಾರೆ.

ಇನ್ನು ಅಮ್ಮನ ವಿಚಾರ. ವಾದಕ್ಕೆ ಇಳಿಯಬೇಡಿ. ಅವರದೇ ಮೊಬೈಲ್ ತೆಗೆದು ಬ್ಲೂಟೂತ್ ಚಿಹ್ನೆ ತೋರಿಸಿ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್‌ನ ಹೆಸರಿನ ಎರಡು ಮೊದಲಕ್ಷರಗಳು, ಹ ಮತ್ತು ಬ, ರೂನ್ ಲಿಪಿಯಲ್ಲಿ ಒಂದರ ಮೇಲೊಂದು ಕುಳಿತಿರುವುದೇ ಆ ಚಿಹ್ನೆ. ಅವರ ಕೈಯಲ್ಲೇ ಅದು ಇಷ್ಟು ವರ್ಷದಿಂದ ಇದೆ.