ಡೈಕಾಸ್ಟ್ ಯುದ್ಧವಿಮಾನದ ಬಾಕ್ಸ್ ಬಿಚ್ಚಬೇಕಾ, ಹಾಗೇ ಇಡಬೇಕಾ?

ನೀವು ಕೇಳಿದ್ದು ಇಷ್ಟು: ದುಬೈಯಲ್ಲಿರುವ ಭಾವ ಎರಡು ಡೈಕಾಸ್ಟ್ (ಲೋಹವನ್ನು ಅಚ್ಚಿಗೆ ಒತ್ತಿ ಮಾಡಿದ ಪುಟ್ಟ ಮಾಡೆಲ್) ಯುದ್ಧವಿಮಾನ, ಒಂದು ಟ್ಯಾಂಕ್ ತಂದುಕೊಟ್ಟಿದ್ದಾರೆ. ಬಾಕ್ಸ್ ಬಿಚ್ಚದೆ ಇಟ್ಟರೆ ಮುಂದೆ ಒಳ್ಳೆ ಬೆಲೆ ಬರುತ್ತದಾ, ಇಲ್ಲ ತೆಗೆದು ಶೋಕೇಸಿನಲ್ಲಿ ಇಡಬಹುದಾ ಅಂತ. ನೀವು ಕರಾವಳಿ ಕಡೆಯವರಾದರೆ ಬಿಚ್ಚಿ. ಈ ಮಳೆಗಾಲ ಶುರುವಾಗುವ ಮೊದಲೇ ಬಿಚ್ಚಿ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು. ಹಂಚಿನ ಮನೆ, ಸುತ್ತ ಅಡಿಕೆ ತೋಟ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಜಾಗ, ಆಟಿ (ಜುಲೈ-ಆಗಸ್ಟ್) ತಿಂಗಳಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಮದುವೆ ಆಲ್ಬಮ್ಮಿಗೆ ಎಲ್ಲದಕ್ಕೂ ಬೂಷ್ಟು ಬರುತ್ತದೆ. ಬಾಕ್ಸ್ ಮುಟ್ಟಬೇಡಿ ಅಂತ ಇಂಟರ್ನೆಟ್ಟಿನಲ್ಲಿ ಉಪದೇಶ ಮಾಡುವವರು ಹೆಚ್ಚಿನವರು ಚಳಿದೇಶದವರು, ಹೀಟರ್ ಹಾಕಿ ಒಣಗಿದ ಮನೆಯಲ್ಲಿ ಕೂತವರು. ಅವರಿಗೆ ಅದು ಸರಿಯೇ ಇರಬಹುದು. ನಾನೂ ನಂಬಿದೆ. ಒಂಬತ್ತು ಮಾಡೆಲ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದಲ್ಲಿಟ್ಟೆ. ಎರಡು ಮಳೆಗಾಲ ಕಳೆದು ತೆಗೆದರೆ ರಟ್ಟಿಗೆಲ್ಲ ಕಪ್ಪು ಚುಕ್ಕೆ, ಸ್ಟಿಕ್ಕರ್ ಎದ್ದಿದೆ, ಒಂದು ಜೀಪಿನ ಟೈರು ಕೆಳಗಿನ ಪ್ಲಾಸ್ಟಿಕ್ ಹಲಗೆಗೆ ಕರಗಿ ಅಂಟಿದೆ! ಕೊನೆಯದು ಮಳೆಯ ತಪ್ಪಲ್ಲ. ಮೆತ್ತಗಿನ ವಿನೈಲ್ ಟೈರಿಗೆ ಸೇರಿಸಿದ ಎಣ್ಣೆಯಂಥ ಪದಾರ್ಥ ನಿಧಾನ ಹೊರಗೆ ಬಂದು ಗಟ್ಟಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಸೆಕೆ ಇದ್ದರೆ ಬೇಗ. ಆದರೆ ಬಾಕ್ಸ್ ಬಿಚ್ಚಿದ್ದಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು ಅಲ್ವಾ? ಕಾಣದೆ ಹಾಳಾಗುವುದೇ ದೊಡ್ಡ ತೊಂದರೆ.

ಲೋಹದ ವಿಷಯ ಇದಕ್ಕಿಂತ ಗಂಭೀರ. ಈ ಮಾಡೆಲ್‌ಗಳು ಕಬ್ಬಿಣದವಲ್ಲ, ಜಮಾಕ್ ಅನ್ನುವ ಸತುವಿನ ಮಿಶ್ರಲೋಹದವು. ಸತುವಿಗೆ ಸುಮಾರು ಶೇ. 4 ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ ಸೇರಿಸಿ, ಕರಗಿಸಿ ಅಚ್ಚಿಗೆ ಒತ್ತಿ ತೆಗೆಯುತ್ತಾರೆ. ಅದರಲ್ಲಿ ಸೀಸದ ಕಲ್ಮಶ ಸೇರಿಕೊಂಡಿದ್ದರೆ ವರ್ಷಗಳ ನಂತರ ಲೋಹ ಒಳಗಿನಿಂದಲೇ ಉಬ್ಬಿ, ಬಿರಿದು, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಇದಕ್ಕೆ ಝಿಂಕ್ ಪೆಸ್ಟ್ ಅಂತಾರೆ. ಲಿವರ್‌ಪೂಲಿನಲ್ಲಿ 1930ರ ದಶಕದಲ್ಲಿ ಮಾಡಿದ ಡಿಂಕಿ ಅನ್ನುವ ಬ್ರ್ಯಾಂಡಿನ ಆಟಿಕೆ ವಿಮಾನಗಳಲ್ಲಿ ಎಷ್ಟೋ ಹೀಗೇ ಹೋದವು. ತೇವ, ಸೆಕೆ ಎರಡೂ ಇದ್ದರೆ ಕೆಲಸ ಇನ್ನೂ ಚುರುಕು. ಅಡಿಕೆಯ ಕೊಳೆರೋಗಕ್ಕಾದರೆ ಬೋರ್ಡೋ ಮದ್ದು ಬಿಡಬಹುದು, ಇದಕ್ಕೆ ಮದ್ದೇ ಇಲ್ಲ. ಒಂದು ಸಮಾಧಾನ, ಇದು ಪಕ್ಕದ ಮಾಡೆಲ್‌ಗೆ ಹರಡುವುದಿಲ್ಲ. ಈಗಿನ ಲೋಹ ಶುದ್ಧ, ಹೊಸದಕ್ಕೆ ಅಷ್ಟು ಹೆದರಬೇಕಿಲ್ಲ. ಹಳೆಯದು ಕೊಳ್ಳುವಾಗ ಮಾತ್ರ ಪೇಂಟಿನ ಕೆಳಗೆ ಗುಳ್ಳೆ, ಕೂದಲೆಳೆಯಂಥ ಬಿರುಕು ಇದೆಯಾ ನೋಡಿ.

ನಾನು ಈಗ ಮಾಡುವುದು: ಗಾಜಿನ ಬಾಗಿಲಿನ ಕಪಾಟು, ಮಳೆ ಹೊಡೆಯುವ ಗೋಡೆಗೆ ಒರಗಿಸದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬದೊಳಗೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮೀಟರ್. ಶೇ. 50ರ ಕೆಳಗಿದ್ದರೆ ನೆಮ್ಮದಿ. ಜೆಲ್ಲಿನಲ್ಲಿ ನೀಲಿ ಹರಳು ಬೇಡ, ಅದರಲ್ಲಿ ವಿಷಕಾರಿ ಕೋಬಾಲ್ಟ್ ಇದೆ. ಕಿತ್ತಳೆ ಬಣ್ಣದ್ದು ತನ್ನಿ, ಒದ್ದೆಯಾದಾಗ ಬಣ್ಣ ಬದಲಾಗುತ್ತದೆ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಅಮ್ಮನ ಬಾಣಲೆ ಮಾತ್ರ ಮುಟ್ಟಬೇಡಿ, ಬೇರೆ ಪಾತ್ರೆ ಇಟ್ಟುಕೊಳ್ಳಿ, ಅನುಭವದ ಮಾತು. ಖಾಲಿ ಬಾಕ್ಸ್ ಎಸೆಯಬೇಡಿ, ಮಾರುವಾಗ ಅದಕ್ಕೆ ಬೆಲೆ ಇದ್ದೇ ಇದೆ. ಮಡಚಿ ಒಣ ಜಾಗದಲ್ಲಿಡಿ. ಧೂಳಿಗೆ ಮೆತ್ತಗಿನ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡ.

ಬೆಲೆ ಏರುತ್ತದಾ? ಕೆಲವು ಕಡಿಮೆ ಸಂಖ್ಯೆಯಲ್ಲಿ ಬಂದವು ಏರುತ್ತವೆ. ಆದರೆ ಅದೇ ವಿಮಾನದ ಇನ್ನೂ ಚೆಂದದ ಅಚ್ಚು ಬೇರೆ ಯಾರಾದರೂ ತಂದರೆ ನಿಮ್ಮದು ಇಳಿಯುತ್ತದೆ. ದುಡ್ಡು ಮಾಡಬೇಕಾದರೆ ಅಡಿಕೆ ಇಟ್ಟುಕೊಳ್ಳಿ ಮಾರಾಯ್ರೆ. ಇಲ್ಲಿ ದುಬಾರಿ ಆದದ್ದಂತೂ ನಿಜ, ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಹಾಗಾಗಿಯೇ ನಾವೆಲ್ಲ ಗಲ್ಫಿನ ಭಾವಂದಿರ ಸೂಟ್‌ಕೇಸಿಗೆ ಕಾಯುವುದು.

ಮುಂದೆ ಕೊಳ್ಳುವುದಾದರೆ ಅಳತೆ ನೋಡಿ. 1:72 ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು. ಆ ಅಳತೆಯಲ್ಲಿ ಲ್ಯಾಂಕಾಸ್ಟರ್ ಬಾಂಬರಿನ ರೆಕ್ಕೆ ತುದಿಯಿಂದ ತುದಿಗೆ 43 ಸೆಂ.ಮೀ., ನ್ಯಾಟ್ ಅನ್ನುವ ಪುಟ್ಟ ಫೈಟರ್ ಪೂರ್ತಿ ವಿಮಾನವೇ 12 ಸೆಂ.ಮೀ. ಅದರ ಪಕ್ಕ 1:32ರ ಶರ್ಮನ್ ಟ್ಯಾಂಕ್ ಇಟ್ಟರೆ ಟ್ಯಾಂಕೇ ದೊಡ್ಡದು, ನೋಡಿದವರು ನಗುತ್ತಾರೆ. ನ್ಯಾಟ್ ಅಂದಾಗ ನೆನಪಾಯಿತು. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದು ನ್ಯಾಟ್, ವಾಯುಪಡೆಗೆ ಸಿಕ್ಕಿದ ಒಂದೇ ಪರಮವೀರ ಚಕ್ರ ಅವರದ್ದು. ಅದೇ ಅಂತ ಖುಷಿಯಲ್ಲಿ ತರಿಸಿದೆ. ಬಂದದ್ದು ಬ್ರಿಟಿಷರ ತರಬೇತಿ ನ್ಯಾಟ್, ಎರಡು ಸೀಟಿನದ್ದು, ಬಣ್ಣವೂ ಕೆಂಪು. ಸೆಖೋನರದ್ದು ಒಂದೇ ಸೀಟಿನ ಫೈಟರ್. ತಪ್ಪು ನನ್ನದೇ, ಫೋಟೋದಲ್ಲಿ ಸೀಟು ಎಣಿಸಿರಲಿಲ್ಲ.

ಬಿಚ್ಚುವಾಗ ಒಂದು ಜಾಗ್ರತೆ. ಚಕ್ರ, ಕ್ಷಿಪಣಿ ಎಲ್ಲ ಬೇರೆ ಸಣ್ಣ ಪೊಟ್ಟಣದಲ್ಲಿ ಇರುತ್ತವೆ, ಕಸ ಅಂತ ಗುಡಿಸಬೇಡಿ. ನಮ್ಮಲ್ಲಿ ಗುಡಿಸಿದರು. ನನ್ನ ಮಿಗ್-21 ಈಗಲೂ ಒಂದೇ ರೆಕ್ಕೆಗೆ ಕ್ಷಿಪಣಿ ಸಿಕ್ಕಿಸಿಕೊಂಡು ನಿಂತಿದೆ.