ಕ್ರಾಸ್ ಸ್ಟಿಚ್: ಮೊದಲ ಹೊಲಿಗೆ ಎಲ್ಲಿ ಬೀಳಬೇಕು?

ಪ್ರಶ್ನೆ: ನವಿಲಿನ ಚಾರ್ಟ್ ಒಂದಿದೆ, ಅಗಲ 140 ಚೌಕ, ಎತ್ತರ 112. ಬಟ್ಟೆ 14 ಕೌಂಟ್ ಐಡಾ, ಅಂದರೆ ಇಂಚಿಗೆ 14 ಚೌಕ ಬರುವ ನೇಯ್ಗೆ. ನಡುವಿನಿಂದ ಶುರು ಮಾಡು ಅಂತ ಒಬ್ಬರು, ಎಡ ಮೇಲ್ಮೂಲೆಯಿಂದ ಅಂತ ಇನ್ನೊಬ್ಬರು. ನಟ್ಟನಡುವೆ ನೋಡಿದರೆ ಬಣ್ಣವೇ ಇಲ್ಲ, ಖಾಲಿ. ಎಲ್ಲಿಂದ ಹಾಕಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ಇದು ನಿಮ್ಮ ಮೊದಲ ದೊಡ್ಡ ಕೆಲಸವಾದರೆ ನಡುವಿನಿಂದಲೇ ಲೆಕ್ಕ ಹಿಡಿಯಿರಿ. ಆದರೆ ಲೆಕ್ಕ ನಡುವಿನಿಂದ ಎಂದ ಮಾತ್ರಕ್ಕೆ ಮೊದಲ ಹೊಲಿಗೆಯೂ ಅಲ್ಲೇ ಬೀಳಬೇಕೆಂದಿಲ್ಲ.

ಸೂಜಿ ಹಿಡಿಯುವ ಮುಂಚೆ ಟೇಪ್ ಹಿಡಿಯಿರಿ. 140ನ್ನು 14ರಿಂದ ಭಾಗಿಸಿದರೆ 10 ಇಂಚು, 112ಕ್ಕೆ 8 ಇಂಚು. ಸುತ್ತ 3 ಇಂಚು ಬಿಟ್ಟರೆ 16 x 14 ಇಂಚಿನ ಬಟ್ಟೆ ಬೇಕು. ಫ್ರೇಮ್ ಹಾಕಿಸುವಾಗ ಹಿಂದಕ್ಕೆ ಮಡಚಲು ಆ ಅಂಚೇ ಆಧಾರ. 2 ಇಂಚಿಗಿಂತ ಕಡಿಮೆ ಬೇಡ. ಬಟ್ಟೆಯ ಮೇಲೆ ಟೇಪ್ ಇಟ್ಟು ಒಂದು ಇಂಚಿಗೆ ಎಷ್ಟು ಚೌಕ ಎಂದು ಅಡ್ಡಕ್ಕೂ ಉದ್ದಕ್ಕೂ ಎಣಿಸಿ. ಅಗ್ಗದ ಮ್ಯಾಟಿ ಬಟ್ಟೆಯಲ್ಲಿ ಎರಡೂ ಒಂದೇ ಇರುತ್ತದೆಂದು ನಂಬಬೇಡಿ. ಇಂಚಿಗೆ 13 ಬಂದರೆ ನಿಮ್ಮ ನವಿಲು 10ರ ಬದಲು ಹತ್ತಿರಹತ್ತಿರ ಹತ್ತೂ ಮುಕ್ಕಾಲು ಇಂಚು ಅಗಲವಾಗುತ್ತದೆ.

ಇನ್ನು ನಡುವು. ಬಟ್ಟೆಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಚಿ. ಮಡಿಕೆಗಳು ಕೂಡುವ ತೂತೇ ನಡು. ಮಡಿಕೆಗುಂಟ ಬೇರೆ ಬಣ್ಣದ ಹೊಲಿಗೆ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ. ನಿಮ್ಮ ಚಾರ್ಟಿನ ಎರಡೂ ಸಂಖ್ಯೆ ಸಮವಾದ್ದರಿಂದ ನಡು ಬೀಳುವುದು ಗೆರೆಗಳು ಕೂಡುವಲ್ಲಿ, ಚೌಕದ ಒಳಗಲ್ಲ. ಬೆಸ ಸಂಖ್ಯೆಯಾಗಿದ್ದರೆ ನಡುವಿಗೆ ಒಂದು ಪೂರ್ತಿ ಚೌಕ ಬರುತ್ತಿತ್ತು. ಈ ವ್ಯತ್ಯಾಸ ಗಮನಿಸದೆ ಒಂದು ಚೌಕ ಆಚೀಚೆ ಆಗುವುದೇ ಹೆಚ್ಚು.

ಚಾರ್ಟಿನಲ್ಲಿ ಪ್ರತಿ 10 ಚೌಕಕ್ಕೊಂದು ದಪ್ಪ ಗೆರೆ ಇರುತ್ತದೆ. ಬಟ್ಟೆಯ ಮೇಲೂ ಅದೇ ಗೆರೆಗಳನ್ನು ದಾರದಲ್ಲಿ ಹಾಕಿಕೊಂಡರೆ ತಪ್ಪು ಹತ್ತು ಚೌಕದೊಳಗೇ ಸಿಕ್ಕಿಬೀಳುತ್ತದೆ. ಎಣಿಕೆ ಎಡ ಮೇಲ್ಮೂಲೆಯಿಂದ ಶುರುವಾಗಿದ್ದರೆ, ನಿಮ್ಮ ಉದ್ದದ ನಡುಗೆರೆ 70ಕ್ಕೆ ಬೀಳುತ್ತದೆ, ಅದು ದಪ್ಪ ಗೆರೆಯೇ. ಅಡ್ಡ ನಡುಗೆರೆ ಬೀಳುವುದು 56ಕ್ಕೆ. ಅದು ದಪ್ಪ ಗೆರೆಯಲ್ಲ. ಅದರಿಂದ 6 ಚೌಕ ಮೇಲೆ 50ರ ಗೆರೆ, 4 ಚೌಕ ಕೆಳಗೆ 60ರ ಗೆರೆ. ಇಲ್ಲಿ ಅವಸರಪಟ್ಟು ನಡುವಿನಿಂದಲೇ ಹತ್ತು ಹತ್ತು ಎಣಿಸಿದರೆ ಬಟ್ಟೆಯ ಗೆರೆಗೂ ಚಾರ್ಟಿನ ಗೆರೆಗೂ ಕೊನೆಯವರೆಗೆ ತಾಳೆಯಾಗುವುದಿಲ್ಲ. ಈ ದಾರವನ್ನು ಕ್ರಾಸ್ ಹಾಕುವ ಸೂಜಿಯಿಂದ ಚುಚ್ಚಬೇಡಿ, ಎಳೆದಾಗ ಬರುವುದಿಲ್ಲ.

ನಡು ಖಾಲಿಯಿದ್ದರೆ ಅದಕ್ಕೆ ಹತ್ತಿರದಲ್ಲಿ ಒಂದೇ ಬಣ್ಣದ 20–30 ಹೊಲಿಗೆ ಒಟ್ಟಿಗಿರುವ ಜಾಗ ಹುಡುಕಿ. ನವಿಲಿನ ಕುತ್ತಿಗೆ ಸಿಕ್ಕಿದರೆ ಬಹಳ ಒಳ್ಳೆಯದು. ಹತ್ತಿರದ ದಾರದ ಗೆರೆಯಿಂದ ಎರಡು ಸಲ ಎಣಿಸಿ ಅಲ್ಲಿಂದ ಹೊರಡಿ. ಗರಿಯ ತುದಿಯಲ್ಲಿ ಒಂದೊಂದೇ ಚೆದುರಿದ ಬಣ್ಣಗಳಿಂದ ಮಾತ್ರ ಶುರು ಮಾಡಬೇಡಿ. ಪಕ್ಕದಲ್ಲಿ ಆಧಾರವೇ ಇರುವುದಿಲ್ಲ. 24 ನಂಬರಿನ ಮೊಂಡುತುದಿಯ ಸೂಜಿ, ದಾರ ಎರಡೆಳೆ ಸಾಕು. ಗಂಟು ಬೇಡ. 36 ಇಂಚಿನ ಒಂದೇ ಎಳೆಯನ್ನು ಮಧ್ಯಕ್ಕೆ ಮಡಚಿ, ಎರಡು ತುದಿಯನ್ನೂ ಸೂಜಿಗೆ ಪೋಣಿಸಿ, ಮೊದಲ ಅರ್ಧ ಹೊಲಿಗೆ (ಕ್ರಾಸಿನ ಒಂದು ಓರೆ ಗೆರೆ) ಹಾಕಿದ ಮೇಲೆ ಹಿಂದುಗಡೆಯ ಕುಣಿಕೆಯೊಳಗೆ ಸೂಜಿ ತೂರಿಸಿ ಎಳೆಯಿರಿ.

ಮೂಲೆಯಿಂದ ಅಂದವರದೂ ತಪ್ಪಲ್ಲ. ಹಿನ್ನೆಲೆಯೂ ಪೂರ್ತಿ ತುಂಬುವ, ನಾಲ್ಕೈದು ಹಾಳೆಯ ಚಾರ್ಟಿಗೆ ಅದೇ ಸರಿ. ಮೇಲಿನಿಂದ ಕೆಳಕ್ಕೆ ಬಂದರೆ ಮುಗಿದ ಬಿಳಿ ಹೊಲಿಗೆಯ ಮೇಲೆ ಕೈ ಉಜ್ಜುವುದಿಲ್ಲ. ಆಗಲೂ ಮೂಲೆಯನ್ನು ನಡುವಿನಿಂದಲೇ ಹುಡುಕಿ: 70 ಎಡಕ್ಕೆ, 56 ಮೇಲಕ್ಕೆ. ಆ ತೂತು 16 x 14ರ ಬಟ್ಟೆಯಲ್ಲಿ ಎರಡೂ ಅಂಚಿನಿಂದ 3 ಇಂಚು ದೂರ ಬರಬೇಕು. ಅರ್ಧ ಇಂಚು ವ್ಯತ್ಯಾಸ ಬಂದರೆ ಎಣಿಕೆಯನ್ನೇ ಅನುಮಾನಿಸಿ.

ಪ್ರಶ್ನೆ: ಮೂರು ಸಂಜೆ ಹಾಕಿದ ಮೇಲೆ ಒಂದು ಚೌಕ ಜರುಗಿದ್ದು ಗೊತ್ತಾಯಿತು. ಬಿಚ್ಚಬೇಕೇ?
— ಓದುಗರೊಬ್ಬರು, ಮೈಸೂರು

ಉತ್ತರ: ಒಂಟಿ ಎಲೆಯೋ ಹೂವೋ ಜರುಗಿದ್ದರೆ ಬಿಡಿ, ಕಾಣುವುದಿಲ್ಲ. ಮುಖ, ಕಣ್ಣು, ಎರಡು ಕಡೆಯಿಂದ ಬಂದು ಕೂಡುವ ಬಾರ್ಡರ್ ಆಗಿದ್ದರೆ ಇವತ್ತೇ ಬಿಚ್ಚಿ. ದಾರವನ್ನು ಹಿಂದಕ್ಕೆ ಎಳೆಯದೆ, ಹಿಂಬದಿಯಿಂದ ಚಿಕ್ಕದಾಗಿ ಕತ್ತರಿಸಿ ತೆಗೆಯಿರಿ. ಬಿಚ್ಚಿದ ದಾರ ಮತ್ತೆ ಬಳಸಬೇಡಿ, ಅದರ ಹೊಳಪು ಹೋಗಿರುತ್ತದೆ.

ಪ್ರಶ್ನೆ: ಸೀರೆ ಸೆರಗಿಗೆ ಕಸೂತಿಯ ಮೆಂತಿ ಹೊಲಿಗೆಯ ಸಾಲು ಹಾಕಬೇಕು. ಒಂದು ಅಂಚಿನಿಂದ ಹೊರಟರೆ ಇನ್ನೊಂದು ಅಂಚಿಗೆ ಅರ್ಧ ಹೂವು ಉಳಿಯುತ್ತದೆ.
— ಓದುಗರೊಬ್ಬರು, ಧಾರವಾಡ

ಉತ್ತರ: ಮೆಂತಿಯೂ ಎಳೆ ಎಣಿಸಿ ಹಾಕುವ ಕ್ರಾಸ್ ಹೊಲಿಗೆಯೇ, ಆದ್ದರಿಂದ ಇಲ್ಲೂ ನಡುವಿನ ಲೆಕ್ಕವೇ. ಹೂವಿನ ಅಗಲ 22 ಹೊಲಿಗೆ, ಬಿಡುವ ಜಾಗ 6 ಎಂದರೆ ಒಂದು ಸುತ್ತಿಗೆ 28. ಸೆರಗಿನ ಅಗಲದಲ್ಲಿ ಇಂಥವು ಎಷ್ಟು ಹಿಡಿಯುತ್ತವೆ ಎಂದು ಮೊದಲು ಲೆಕ್ಕ ಹಾಕಿ. ಹೂವುಗಳ ಸಂಖ್ಯೆ ಬೆಸವಾದರೆ ನಡುಗೆರೆಯ ಮೇಲೆ ಒಂದು ಹೂವಿನ ಮಧ್ಯ ಬರಲಿ. ಸಮವಾದರೆ ನಡುಗೆರೆಯಿಂದ ಆಚೆಗೆ 3, ಈಚೆಗೆ 3 ಬಿಟ್ಟು ಹೊರಡಿ. ಉಳಿಯುವ ಹೆಚ್ಚುವರಿ ಜಾಗ ಎರಡು ತುದಿಗೂ ಸಮನಾಗಿ ಹಂಚಿಹೋಗುತ್ತದೆ.